ದೆವ್ವಕ್ಕಿಂತ ಪಕ್ಕದ ಮನೆಯವರ ಭಯವೇ ಜಾಸ್ತಿ

ಭಯ ಒಬ್ಬ ಮನುಷ್ಯನನ್ನು, ಒಂದು ಸಮಾಜವನ್ನು ಹೇಗೆ ಬದಲಾಯಿಸುತ್ತದೆ, ಕಥೆ ಕಾದಂಬರಿಯಿಂದಲೂ ಬದುಕಿನಿಂದಲೂ ಉದಾಹರಣೆ ಕೊಡಿ ಅಂತ ಕೇಳಿದ್ದೀರಿ. ನನಗೆ ಅನ್ನಿಸುವುದು ಇಷ್ಟು. ಹಾವು, ಕತ್ತಲೆ, ಕಾಯಿಲೆ, ಸಾವು ಇವಕ್ಕೆಲ್ಲ ಹೆದರುತ್ತೇವೆ, ನಿಜ. ಆದರೆ ದಿನನಿತ್ಯ ನಮ್ಮನ್ನು ಆಡಿಸುವುದು ಇನ್ನೊಂದು ಭಯ. ಊರೆಲ್ಲ ಹೆದರಿರುವಾಗ ನಾನೊಬ್ಬನೇ ಹೆದರದೆ ಕೂತರೆ ನಾಲ್ಕು ಜನ ಏನಂದಾರು ಅನ್ನುವ ಭಯ.

‘ನಾಳೆ ಬಾ’ ಕಥೆ ನಿಮಗೆ ಗೊತ್ತಿರಬಹುದು. 1990ರ ದಶಕದಲ್ಲಿ ಕರ್ನಾಟಕದಲ್ಲಿ ಹಬ್ಬಿದ ಗಾಳಿಸುದ್ದಿ ಅದು. ರಾತ್ರಿ ಹೊತ್ತು ಒಂದು ಹೆಣ್ಣು ದೆವ್ವ ಬಂದು ಬಾಗಿಲು ತಟ್ಟುತ್ತದಂತೆ. ಅದೂ ನಮ್ಮವರದೇ ದನಿಯಲ್ಲಿ ಹೆಸರು ಹಿಡಿದು ಕೂಗುತ್ತದಂತೆ. ಬಾಗಿಲು ತೆಗೆದರೆ ಮುಗೀತು. ಇರುವ ಉಪಾಯ ಒಂದೇ, ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುವುದು. ದೆವ್ವ ಅದನ್ನು ಓದಿ ವಾಪಸ್ ಹೋಗುತ್ತದೆ, ಮಾರನೇ ದಿನ ಬಂದು ಮತ್ತೆ ಓದುತ್ತದೆ. (ದೆವ್ವಕ್ಕೂ ಕನ್ನಡ ಬರುತ್ತಿದ್ದ ಕಾಲ, ಬಿಡಿ.)

ನಮ್ಮ ಬೀದಿಯಲ್ಲಿ ಕೆಲವರು ಸೀಮೆಸುಣ್ಣದಲ್ಲಿ ಬರೆದರು, ಕೆಲವರು ಇದ್ದಿಲಲ್ಲಿ. ನಮ್ಮಪ್ಪ ಇಂಥದ್ದನ್ನೆಲ್ಲ ನಂಬುವ ಪೈಕಿ ಅಲ್ಲ. ಅಮ್ಮನೂ ಅವರಿಗೆ ‘ದೆವ್ವ ಬರುತ್ತೆ’ ಅಂತ ಹೇಳಲಿಲ್ಲ. ‘ಎಲ್ಲರ ಬಾಗಿಲ ಮೇಲೂ ಇದೆ ಕಣ್ರೀ. ನಾಳೆ ಯಾರ ಮನೇಲಾದ್ರೂ ಏನಾದ್ರೂ ಆದ್ರೆ ನಮ್ಮ ಕಡೆ ಬೆರಳು ತೋರಿಸ್ತಾರೆ’ ಅಂದರು. ಅಪ್ಪ ಗೊಣಗುತ್ತಾ ಹೋಗಿ ಬರೆದರು. ‘ಳೆ’ ಸರಿಯಾಗಿ ಬರಲಿಲ್ಲ ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿ ಇನ್ನೊಮ್ಮೆ ಬರೆದರು.

ಆ ಬೀದಿಯಲ್ಲಿ ನಿಜವಾಗಿ ಹೆದರಿದವರು ಯಾರು, ಸುಮ್ನೆ ಎಲ್ಲರ ಜೊತೆ ಸೇರಿದವರು ಯಾರು ಅಂತ ಬಾಗಿಲು ನೋಡಿದರೆ ಹೇಗೆ ತಿಳಿಯಬೇಕು? ಹೊರಗಿನವರಿಗೆ ಇಡೀ ಬೀದಿಯೇ ನಂಬಿದ ಹಾಗೆ ಕಾಣುತ್ತದೆ. ಇದನ್ನು ನೋಡಿ ಪಕ್ಕದ ಬೀದಿಯವರೂ ಬರೆಯುತ್ತಾರೆ. ನಂಬದೇ ಇದ್ದ ಅಪ್ಪನ ಕೈಬರಹವೂ ಗಾಳಿಸುದ್ದಿಗೆ ಒಂದು ಸಾಕ್ಷಿಯಾಯಿತು.

ಸಾಹಿತ್ಯಕ್ಕೆ ಬಂದರೆ, ಇದನ್ನು ಅನಂತಮೂರ್ತಿಯವರ ‘ಸಂಸ್ಕಾರ’ದಷ್ಟು (1965) ಚೆನ್ನಾಗಿ ಹಿಡಿದ ಕಾದಂಬರಿ ಕನ್ನಡದಲ್ಲಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ದೂರ್ವಾಸಪುರ ಅನ್ನುವ ಅಗ್ರಹಾರದಲ್ಲಿ ನಾರಣಪ್ಪ ಸಾಯುತ್ತಾನೆ. ಬ್ರಾಹ್ಮಣ್ಯ ಬಿಟ್ಟು, ಮಾಂಸ ತಿಂದು, ಹೆಂಡ ಕುಡಿದು, ಚಂದ್ರಿ ಅನ್ನುವ ಹೆಂಗಸಿನ ಜೊತೆ ಬದುಕಿದವನು. ಬದುಕಿದ್ದಾಗ ಅವನಿಗೆ ಬಹಿಷ್ಕಾರ ಹಾಕಲು ಅಗ್ರಹಾರಕ್ಕೆ ಧೈರ್ಯ ಸಾಲಲಿಲ್ಲ. ಮುಸಲ್ಮಾನನಾಗಿಬಿಡುತ್ತೇನೆ ಅಂತ ಅವನು ಹೆದರಿಸಿದ್ದ. ಈಗ ಸತ್ತಿದ್ದಾನೆ. ಬಹಿಷ್ಕಾರ ಹಾಕಿಲ್ಲ, ಹಾಗಾಗಿ ಬ್ರಾಹ್ಮಣನೇ ಸಂಸ್ಕಾರ ಮಾಡಬೇಕು. ಮಾಡಿದವನ ಜಾತಿಗೆ ಕುತ್ತು ಬಂದರೆ? ಹೆಣ ಎತ್ತುವವರೆಗೆ ಯಾರೂ ಊಟ ಮಾಡುವಂತಿಲ್ಲ ಬೇರೆ.

ಅಲ್ಲಿನ ಜನರಿಗೆ ನಾರಣಪ್ಪನ ಆತ್ಮದ ಚಿಂತೆ ಇಲ್ಲ, ನರಕದ ಭಯವೂ ಅಂಥಾದ್ದೇನಿಲ್ಲ. ಒಬ್ಬರಿಗೊಬ್ಬರ ಭಯ. ಚಂದ್ರಿ ಮೈಮೇಲಿನ ಒಡವೆ ಬಿಚ್ಚಿ, ಖರ್ಚಿಗೆ ಆಗಲಿ ಅಂತ ಅಗ್ರಹಾರದ ದೊಡ್ಡ ಪಂಡಿತರಾದ ಪ್ರಾಣೇಶಾಚಾರ್ಯರ ಮುಂದೆ ಇಡುತ್ತಾಳೆ. ಆಗ ನೋಡಿ, ಆವರೆಗೆ ಹಿಂದೆ ಸರಿಯುತ್ತಿದ್ದವರ ಮನಸ್ಸಲ್ಲಿ ಲೆಕ್ಕ ಶುರುವಾಗುತ್ತದೆ. ಹಸಿವು ತಾಳಲಾರದ ದಾಸಾಚಾರ್ಯ ಸದ್ದಿಲ್ಲದೆ ಪಾರಿಜಾತಪುರದ ಸ್ಮಾರ್ತರ ಮನೆಗೆ ಹೋಗಿ ತಿಂದು ಬರುತ್ತಾನೆ. ನಿಯಮ ಮುರಿಯುವುದಕ್ಕೆ ಅವನಿಗೆ ಅಡ್ಡಿಯಿಲ್ಲ. ಯಾರಿಗೂ ಗೊತ್ತಾಗಬಾರದು, ಅಷ್ಟೇ. ಕೊನೆಗೆ ಹೆಣ ಸುಡಿಸುವುದು ಚಂದ್ರಿಯೇ, ರಾತ್ರೋರಾತ್ರಿ, ಒಬ್ಬ ಮುಸಲ್ಮಾನನ ಸಹಾಯದಿಂದ. ಇಡೀ ಅಗ್ರಹಾರದ ಕೈಲಿ ಆಗದ್ದು ಇವರಿಬ್ಬರಿಗೆ ಯಾಕೆ ಆಯಿತು? ಅಗ್ರಹಾರ ಕೊಡುವ ಮರ್ಯಾದೆಯ ಹಂಗು ಇಬ್ಬರಿಗೂ ಇರಲಿಲ್ಲ.

ಪ್ರಾಣೇಶಾಚಾರ್ಯರದು ಇನ್ನೂ ಸೂಕ್ಷ್ಮ. ಚಂದ್ರಿಯ ಜೊತೆ ಕೂಡಿದ ಮೇಲೆ ಅವರು ಊರು ಬಿಟ್ಟು ನಡೆಯುತ್ತಾರೆ. ಮೇಳಿಗೆ ಜಾತ್ರೆಯಲ್ಲಿ, ಅಷ್ಟು ಜನರ ಮಧ್ಯೆ, ಅವರನ್ನು ಕಾಡುವುದು ಒಂದೇ ಪ್ರಶ್ನೆ. ಯಾರಾದರೂ ಗುರುತು ಹಿಡಿದುಬಿಟ್ಟರೆ? ಸೂತಕದಲ್ಲಿ ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂತವರಿಗೆ ಬಡಿಸುವವನ ಕಣ್ಣು, ಪಕ್ಕದವನ ಮಾತು ಎಲ್ಲವೂ ಭಯ. ಅಷ್ಟು ಶಾಸ್ತ್ರ ಓದಿದವರು ದೇವರನ್ನು ಬಿಟ್ಟು ಪಕ್ಕದ ಎಲೆಯವನಿಗೆ ಹೆದರಿ ಕೂತಿದ್ದಾರೆ. ಆ ಭಾಗ ಓದುವಾಗ ನನಗೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ನಾರಣಪ್ಪ ಸತ್ತದ್ದು ಪ್ಲೇಗಿನಿಂದ. ಕಾದಂಬರಿಯ ಆಚೆ ನಿಜವಾದ ಪ್ಲೇಗ್ 1898ರಲ್ಲಿ ಬೆಂಗಳೂರಿಗೆ ಬಂತು. ಆ ಭಯ ಊರಿನ ನಕ್ಷೆಯನ್ನೇ ಬದಲಾಯಿಸಿತು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ತರಬೇಕು ಅಂತ ಮಲ್ಲೇಶ್ವರ, ಬಸವನಗುಡಿಯಂಥ ಬಡಾವಣೆಗಳು ಬಂದವು. ಅಗಲ ರಸ್ತೆ, ಮನೆಗಳ ಹಿಂದೆ ಕಸ ಸಾಗಿಸಲು ಓಣಿ. ಪ್ಲೇಗ್ ಮಾರಮ್ಮನ ಗುಡಿಗಳೂ ಎದ್ದವು. ಭಯದಿಂದ ಒಳ್ಳೆಯದೇ ಆಗಲ್ಲ ಅನ್ನುವವರಿಗೆ ಇದನ್ನು ತೋರಿಸಬಹುದು. ಆದರೆ ಅದೇ ಕಾಲದಲ್ಲಿ ಜನ ಮನೆಯ ರೋಗಿಗಳನ್ನು ಬಚ್ಚಿಡುತ್ತಿದ್ದರು. ಸರ್ಕಾರದವರು ಬಂದು ಕ್ಯಾಂಪಿಗೆ ಎಳೆದುಕೊಂಡು ಹೋಗುತ್ತಾರೆ, ಮನೆಯೊಳಗೆ ನುಗ್ಗುತ್ತಾರೆ ಅನ್ನುವ ಭಯ. ಜ್ವರಕ್ಕಿಂತ ತಪಾಸಣೆಗೆ ಹೆಚ್ಚು ಹೆದರಿದರು, ರೋಗ ಹರಡುವುದು ಸುಲಭವಾಯಿತು. ಕೊರೋನಾ ಶುರುವಿನಲ್ಲೂ ಬಾಗಿಲಿಗೆ ಚೀಟಿ ಅಂಟಿಸುತ್ತಾರೆ ಅಂತಲೇ ಟೆಸ್ಟ್ ಮಾಡಿಸಿಕೊಳ್ಳದವರು ಇದ್ದರು, ಅಲ್ವಾ?

ಇನ್ನು 2018. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಾಟ್ಸಾಪ್ ಮೆಸೇಜು. ಅದರ ಜೊತೆ ಓಡಾಡಿದ ಒಂದು ವಿಡಿಯೋ ಕರಾಚಿಯದು, ಮಕ್ಕಳ ಸುರಕ್ಷತೆ ಬಗ್ಗೆ ಜಾಗೃತಿ ಮೂಡಿಸಲು ನಟಿಸಿ ತೆಗೆದದ್ದು. ಇದು ನಟನೆ ಅಂತ ತಿಳಿಯುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬ ಕೂಲಿ ಕಾರ್ಮಿಕನನ್ನು ಜನ ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಗೆ ಹೈದರಾಬಾದಿನಿಂದ ಗೆಳೆಯರು ಕಾರಿನಲ್ಲಿ ಬಂದಿದ್ದರು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅನುಮಾನ ಎದ್ದು, ಅವರು ಅಲ್ಲಿಂದ ತಪ್ಪಿಸಿಕೊಂಡು ಹೊರಟರು. ಕಾರಿಗಿಂತ ಮೊದಲೇ ಮೆಸೇಜು ಮುಂದಿನ ಹಳ್ಳಿ ಮುರ್ಕಿಗೆ ಮುಟ್ಟಿತ್ತು. ಅಲ್ಲಿ ದಾರಿ ಕಟ್ಟಿದರು. ಒಬ್ಬ ಎಂಜಿನಿಯರ್ ಸತ್ತ. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು 5ಕ್ಕೆ ಇಳಿಸಲು ಹೊರಟಿತು.

ಆ ದಿನಗಳಲ್ಲಿ ನಮ್ಮ ಗುಂಪಿಗೆ ಬಂದ ಮೆಸೇಜುಗಳ ತಲೆಬರಹ ಬಹುತೇಕ ಒಂದೇ ಥರ ಇರುತ್ತಿತ್ತು. ‘ನಿಜವೋ ಸುಳ್ಳೋ ಗೊತ್ತಿಲ್ಲ, ಹುಷಾರಾಗಿರಿ ಅಂತ ಹಾಕ್ತಿದೀನಿ.’ ನಂಬಿಕೆ ಇಲ್ಲ, ಆದರೂ ಕಳಿಸಬೇಕು. ಕಳಿಸದೇ ಇದ್ದು ನಾಳೆ ಏನಾದರೂ ಆದರೆ ತಪ್ಪು ನನ್ನ ತಲೆಗೆ ಬರುತ್ತದೆ. ನಮ್ಮಮ್ಮನ ಮಾತೇ ಇದು. ವ್ಯತ್ಯಾಸ ಇಷ್ಟೇ, ಸೀಮೆಸುಣ್ಣದಿಂದ ಯಾರೂ ಸಾಯಲಿಲ್ಲ.

ಒಬ್ಬ ಮನುಷ್ಯನ ಭಯದ ಬಗ್ಗೆಯೂ ಕೇಳಿದ್ದೀರಲ್ಲ, ಅದಕ್ಕೆ ವಿರಾಟಪರ್ವದ ಉತ್ತರಕುಮಾರನಿಗಿಂತ ಬೇರೆ ಬೇಕಾ? ‘ಉತ್ತರನ ಪೌರುಷ ಒಲೆ ಮುಂದೆ’ ಅಂತ ಗಾದೆ ಮಾಡಿ ನಗುತ್ತೇವೆ. ಪಾಪ, ಅವನು ಯುದ್ಧಕ್ಕೆ ಹೊರಟಿದ್ದೇ ಅಂತಃಪುರದ ಹೆಂಗಸರ ಮುಂದೆ ಜಂಬ ಕೊಚ್ಚಿಕೊಂಡು. ಕೌರವ ಸೇನೆ ಕಣ್ಣಿಗೆ ಬಿದ್ದಾಗ ರಥದಿಂದ ಹಾರಿ ಓಡಿದ. ಒಂದು ಭಯ ಮನೆಯಿಂದ ಹೊರಗೆ ತಳ್ಳಿತು, ಇನ್ನೊಂದು ವಾಪಸ್ ಓಡಿಸಿತು. ನನಗೆ ಇಷ್ಟವಾಗುವುದು ಬೃಹನ್ನಳೆ, ಅಂದರೆ ವೇಷ ಮರೆಸಿಕೊಂಡಿದ್ದ ಅರ್ಜುನ, ಮಾಡುವ ಕೆಲಸ. ಅವನನ್ನು ಹಿಡಿದು ತಂದು, ನೀನು ಸಾರಥಿಯಾಗು, ಯುದ್ಧ ನಾನು ಮಾಡುತ್ತೇನೆ ಅಂತ ಕೈಗೆ ಲಗಾಮು ಕೊಡುವುದು. ಅದೇ ಹುಡುಗ ಅದೇ ಸೇನೆಯ ಎದುರು ರಥ ಹೊಡೆಯುತ್ತಾನೆ.

ಓದಲು ಏನಾದರೂ ಹುಡುಕುತ್ತಿದ್ದರೆ ‘ಸಂಸ್ಕಾರ’ದಿಂದ ಶುರು ಮಾಡಿ, ಚಿಕ್ಕ ಪುಸ್ತಕ. 1970ರ ಸಿನಿಮಾ ಆಮೇಲೆ ನೋಡಿ. ವಿರಾಟಪರ್ವಕ್ಕೆ ಕುಮಾರವ್ಯಾಸನನ್ನೇ ಹಿಡಿಯಿರಿ. ಒಬ್ಬರೇ ಓದಿದರೆ ಕಷ್ಟ ಅನ್ನಿಸಿದರೆ ಯಾರಾದರೂ ಗಮಕಿ (ಕಾವ್ಯವನ್ನು ರಾಗವಾಗಿ ಓದುವವರು) ಓದಿದ್ದನ್ನು ಕೇಳಿ, ಉತ್ತರ ಓಡುವ ಭಾಗಕ್ಕೆ ಸಭೆಯಲ್ಲಿ ನಗದೇ ಇದ್ದವರನ್ನು ನಾನಂತೂ ನೋಡಿಲ್ಲ.