ಮದುವೆ ವಿಡಿಯೊ ಎಡಿಟಿಂಗ್‌ಗೆ ದುಬಾರಿ ಪ್ರೊಸೆಸರ್ ತಗೋಬೇಕು: ಬಳ್ಳಾರಿ ಬಿಸಿಲಿಗೆ ಯಾವುದು ಸರಿ?

ನಾನೂ ಬಳ್ಳಾರಿಯವನೇ, ಇದೇ ಕೆಲಸ ಮಾಡುವವನು. ಎಎಂಡಿಯ ರೈಜನ್ 9 9950ಎಕ್ಸ್ ತಗೊಳ್ಳಲಾ, ಇಂಟೆಲ್‌ನ ಕೋರ್ ಅಲ್ಟ್ರಾ 9 285ಕೆ ತಗೊಳ್ಳಲಾ ಅಂತ ಕೇಳಿದ್ದೀರಿ. ಪ್ರೊಸೆಸರ್‌ನಲ್ಲಿ ಎಷ್ಟು ಕೋರ್ (ಲೆಕ್ಕ ಮಾಡುವ ಘಟಕ) ಇವೆ ಅಂತ ಎಣಿಸುವ ಮೊದಲು ನಿಮ್ಮ ಕ್ಯಾಮೆರಾದ ಮೆನು ತೆಗೆದು ನೋಡಿ. ರೆಕಾರ್ಡಿಂಗ್ ಎಚ್.265 (ವಿಡಿಯೊ ಕುಗ್ಗಿಸಿ ಇಡುವ ವಿಧಾನ), 10 ಬಿಟ್, 4:2:2 (ಇವೆರಡೂ ಬಣ್ಣದ ವಿವರ ಹೆಚ್ಚು ಉಳಿಸುವ ರೀತಿ) ಅಂತ ಇದೆಯಾ? ಇದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

285ಕೆ ಒಳಗಿರುವ ಕ್ವಿಕ್ ಸಿಂಕ್ ಎಂಬ ವಿಡಿಯೊ ಭಾಗ ಈ ಫೈಲನ್ನು ತಾನೇ ಡಿಕೋಡ್ ಮಾಡುತ್ತದೆ, ಅಂದರೆ ಕುಗ್ಗಿಸಿದ್ದನ್ನು ಬಿಚ್ಚಿ ತೋರಿಸುತ್ತದೆ, ಕೋರ್‌ಗಳ ಮೇಲೆ ಭಾರ ಬೀಳುವುದಿಲ್ಲ. 9950ಎಕ್ಸ್ ಒಳಗಿನ ಚಿಕ್ಕ ಗ್ರಾಫಿಕ್ಸ್‌ಗೆ 4:2:2 ಆಗುವುದಿಲ್ಲ. ಎನ್ವಿಡಿಯಾದ ಆರ್‌ಟಿಎಕ್ಸ್ 30, 40 ಸರಣಿಯ ಗ್ರಾಫಿಕ್ಸ್ ಕಾರ್ಡ್‌ಗಳಿಗೂ ಆಗುವುದಿಲ್ಲ. ತಾಳಿ ಕಟ್ಟುವ ಹೊತ್ತಿನ ಮೂರು ಕ್ಯಾಮೆರಾ ಕ್ಲಿಪ್ ಒಟ್ಟಿಗೆ ಟೈಮ್‌ಲೈನ್‌ಗೆ ಹಾಕಿ ಎಳೆದು ನೋಡಿ, 16 ಕೋರ್ ಇದ್ದರೂ ಚಿತ್ರ ತಡೆದು ತಡೆದು ಬರುತ್ತದೆ. ಅಕ್ಷತೆ ಬೀಳುವ ಆ ಒಂದು ಫ್ರೇಮ್ ಹಿಡಿಯುವಷ್ಟರಲ್ಲಿ ಸಾಕಾಗಿ ಹೋಗುತ್ತದೆ. ಆರ್‌ಟಿಎಕ್ಸ್ 50 ಸರಣಿಯಲ್ಲಿ ಈ ಸೌಲಭ್ಯ ಬಂದಿದೆ. ಆ ಕಾರ್ಡ್ ಇದ್ದರೆ ನಾನು 9950ಎಕ್ಸ್ ಅಂತಲೇ ಹೇಳುತ್ತೇನೆ, ಇಲ್ಲದಿದ್ದರೆ 285ಕೆ. 9950ಎಕ್ಸ್ ಕೂರುವ ಎಎಂ5 ಮದರ್‌ಬೋರ್ಡ್‌ಗೆ 2027ರವರೆಗಾದರೂ ಬೆಂಬಲ ಇರುತ್ತದೆ ಅಂತ ಎಎಂಡಿ ಹೇಳಿದೆ, ಅದೂ ಒಂದು ಲಾಭ.

ಇನ್ನು ನಮ್ಮ ಬಿಸಿಲು. ರಿವ್ಯೂ ಮಾಡುವವರು ಹೆಚ್ಚಾಗಿ ತಣ್ಣನೆ ರೂಮಿನಲ್ಲಿ ಪರೀಕ್ಷೆ ಮಾಡಿರುತ್ತಾರೆ. ನಾವು ಹಾಕಿಸುವ ಕೂಲರ್ ಎಷ್ಟೇ ದುಬಾರಿಯಾದರೂ ರೂಮಿನ ಗಾಳಿಗಿಂತ ತಣ್ಣಗೆ ಮಾಡಲಾರದು. 25 ಡಿಗ್ರಿಯ ರೂಮಿನಲ್ಲಿ 80 ತೋರಿಸಿದ ಚಿಪ್, ಏಪ್ರಿಲ್ ತಿಂಗಳ 40 ಡಿಗ್ರಿಯಲ್ಲಿ ಹತ್ತಿರ ಹತ್ತಿರ 95 ಮುಟ್ಟುತ್ತದೆ. 9950ಎಕ್ಸ್‌ನ ಮಿತಿಯೇ 95. ಅಲ್ಲಿಗೆ ಬಂದರೆ ಅದು ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಅಷ್ಟು ದುಡ್ಡು ಕೊಟ್ಟಿದ್ದು ಆ ವೇಗಕ್ಕೇ ಅಲ್ವಾ? ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್) ಇಕೋ ಮೋಡ್ ಹಾಕಿ 170 ವ್ಯಾಟ್‌ನಿಂದ 105ಕ್ಕೆ ಇಳಿಸಿ. ರೆಂಡರ್ (ಕೊನೆಯ ವಿಡಿಯೊ ತಯಾರಾಗುವುದು) ಸ್ವಲ್ಪ ತಡ ಆಗಬಹುದು, ಬಿಸಿ ಮಾತ್ರ ಚೆನ್ನಾಗಿ ಇಳಿಯುತ್ತದೆ. 285ಕೆ 250 ವ್ಯಾಟ್‌ವರೆಗೂ ಎಳೆಯುತ್ತದೆ, ಅದಕ್ಕೂ ಮಿತಿ ಹಾಕಿ.

ತೋರಣಗಲ್ಲು, ಸಂಡೂರು ಕಡೆಯವರಾದರೆ ಅದಿರಿನ ಕೆಂಪು ಧೂಳು ಬೇರೆ. ಕ್ಯಾಬಿನೆಟ್ ಫಿಲ್ಟರ್ ಮೇಲೆ ಬೆರಳಾಡಿಸಿದರೆ ಕಾವಿ ಬಳಿದ ಹಾಗೆ ಅಂಟಿಕೊಳ್ಳುತ್ತದೆ. ಅದು ಕಟ್ಟಿಕೊಂಡರೆ ಗಾಳಿಯೇ ಆಡುವುದಿಲ್ಲ. ಬಿಚ್ಚಿ ತೊಳೆಯಲು ಬರುವ ಫಿಲ್ಟರ್ ಇರುವ ಕ್ಯಾಬಿನೆಟ್ ಕೇಳಿ.

600 ವಿಎ ಯುಪಿಎಸ್ ಸಾಕು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಕೊಡುವುದು ಸಾಮಾನ್ಯವಾಗಿ 360 ವ್ಯಾಟ್. ರೆಂಡರ್ ನಡೆಯುವಾಗ ಕರೆಂಟ್ ಹೋದರೆ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡರ ಹೊರೆಯನ್ನೂ ಹೊರುವ ಶಕ್ತಿ ಅದಕ್ಕಿಲ್ಲ.

ಮತ್ತೆ, ಸೆಕೆಂಡ್ ಹ್ಯಾಂಡ್ ಇಂಟೆಲ್ ಐ9 13900ಕೆ, 14900ಕೆ ಕಡಿಮೆಗೆ ಸಿಗುತ್ತದೆ ಅಂತ ಸುಮ್ನೆ ಆಸೆಪಡಬೇಡಿ. ಅವುಗಳಲ್ಲಿ ವೋಲ್ಟೇಜ್ ಜಾಸ್ತಿ ಹೋಗಿ ಚಿಪ್ ಹಾಳಾಗುವ ತೊಂದರೆ ಇತ್ತು. 2024ರ ಆಗಸ್ಟ್‌ನಲ್ಲಿ ಇಂಟೆಲ್ ಅದಕ್ಕೆ ಹೊಸ ಮೈಕ್ರೋಕೋಡ್ (ಚಿಪ್ ಒಳಗೆ ನಡೆಯುವ ತಂತ್ರಾಂಶ) ಕೊಟ್ಟಿತು. ಆದರೆ ಅಷ್ಟರಲ್ಲೇ ಕೆಟ್ಟ ಚಿಪ್ ಅದರಿಂದ ಸರಿಹೋಗುವುದಿಲ್ಲ. ಬಿಲ್, ವಾರಂಟಿ ಎರಡೂ ಇಲ್ಲದೆ ಮುಟ್ಟಬೇಡಿ.