ಅಪ್ಪನ ವಿಲ್‌ನಲ್ಲಿ ನನ್ನ ಹೆಸರೇ ಇಲ್ಲ

ಪ್ರಶ್ನೆ: ಮುತ್ತಾತನ ಕಾಲದಿಂದ ಬಂದ ನಾಲ್ಕು ಎಕರೆ ಜಮೀನು, ಅಪ್ಪ ದುಡಿದು ಕಟ್ಟಿಸಿದ ಮನೆ, ಎರಡನ್ನೂ ಅಪ್ಪ ಅಣ್ಣನ ಹೆಸರಿಗೇ ವಿಲ್ ಬರೆದಿದ್ದಾರಂತೆ. ಆಗ ಅವರು ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ‘ರಿಜಿಸ್ಟರ್ ಆಗಿದೆ, ನೀನು ಏನೂ ಮಾಡೋಕಾಗಲ್ಲ’ ಅಂತಾನೆ ಅಣ್ಣ. ನಿಜವೇ?

ಉತ್ತರ: ಇಲ್ಲ, ಹೆದರಬೇಡಿ. ರಿಜಿಸ್ಟರ್ ಆದ ಮಾತ್ರಕ್ಕೆ ವಿಲ್ ಸಾಬೀತಾದಂತಲ್ಲ. ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಇರಬೇಕು, ತಕರಾರು ಬಂದರೆ ಅವರಲ್ಲಿ ಬದುಕಿರುವ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು, ಅಪ್ಪ ಸ್ವಸ್ಥ ಬುದ್ಧಿಯಿಂದ ಬರೆಸಿದರು ಎಂದು ತೋರಿಸುವ ಹೊಣೆಯೂ ಅಣ್ಣನದೇ. ಅಪ್ಪನ ಆಸ್ಪತ್ರೆ ಕಾಗದಗಳನ್ನು ಈಗಲೇ ಜೋಪಾನ ಮಾಡಿ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ವಿಲ್‌ನ ದೃಢೀಕೃತ ನಕಲು ತೆಗೆಸಿ.

ಜಮೀನಿನ ಮಾತೇ ಬೇರೆ. ಪಿತ್ರಾರ್ಜಿತ ಆಸ್ತಿಯಲ್ಲಿ ಅಪ್ಪ ತಮ್ಮ ಪಾಲನ್ನಷ್ಟೇ ವಿಲ್ ಮಾಡಬಹುದು, ನಿಮ್ಮದನ್ನಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಮಗಳೂ ಹುಟ್ಟಿನಿಂದಲೇ ಪಾಲುದಾರಳು, ಮದುವೆಯಾಗಿದ್ದರೂ ಅಷ್ಟೇ. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿದೆ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ವಿಭಾಗ ಆಗಿತ್ತಾ ನೋಡಿಕೊಳ್ಳಿ, ಕ್ರಮವಾಗಿ ಆಗಿದ್ದರೆ ಈ ತಿದ್ದುಪಡಿ ಅದನ್ನು ಬದಲಿಸುವುದಿಲ್ಲ. ಮನೆ ಮಾತ್ರ ಸ್ವಯಾರ್ಜಿತ, ವಿಲ್ ನಿಜವಾದರೆ ಅದು ಅಣ್ಣನಿಗೇ ಹೋಗುತ್ತದೆ.

ಪಹಣಿ ಬದಲಾಗುವ ಮುಂಚೆ ತಕರಾರು ಅರ್ಜಿ ಕೊಡಿ, ಸಿವಿಲ್ ವಕೀಲರನ್ನು ಕಂಡು ಪಾಲು ದಾವೆ ಹಾಕಿಸಿ. ಅಲ್ಲಿಯವರೆಗೆ ಯಾವ ಖಾಲಿ ಕಾಗದಕ್ಕೂ, ಹಕ್ಕು ಬಿಡುಗಡೆ ಪತ್ರಕ್ಕೂ ಸುಮ್ನೆ ಸಹಿ ಹಾಕಬೇಡಿ.