ಹೈಬ್ರಿಡ್ ಕಾರು: ಬೇಸ್ ಸಾಕೇ, ಟಾಪ್ ಬೇಕೇ?

ಪ್ರಶ್ನೆ: ಹನ್ನೆರಡು ವರ್ಷ ಓಡಿಸಿದ ಪೆಟ್ರೋಲ್ ಕಾರನ್ನು ಮಾರಿ, ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟರ್ ಕೂಡ ಇರುವ ಹೈಬ್ರಿಡ್ ಕಾರು ಕೊಳ್ಳಲು ನಿರ್ಧರಿಸಿದ್ದೇವೆ. ಯಾವ ಮಾಡೆಲ್ ಎಂಬುದು ತೀರ್ಮಾನವಾಗಿದೆ. ಅದರ ಯಾವ ವೇರಿಯಂಟ್ (ಬೆಲೆ, ಸೌಲಭ್ಯಗಳಲ್ಲಿ ಬೇರೆಯಾದ ದರ್ಜೆ) ಎಂಬುದು ಮಾತ್ರ ಬಗೆಹರಿದಿಲ್ಲ. ದಿನಕ್ಕೆ ಸುಮಾರು 40 ಕಿ.ಮೀ. ಓಡಾಟವಿದ್ದು, ಹೆಚ್ಚಿನದು ನಗರದೊಳಗೇ. ಹತ್ತು ವರ್ಷವಾದರೂ ಈ ಕಾರನ್ನು ಇಟ್ಟುಕೊಳ್ಳುವ ಯೋಚನೆ ನಮ್ಮದು. ಎಂಜಿನ್ ಎಲ್ಲದರಲ್ಲೂ ಒಂದೇ ಆಗಿರುವಾಗ ಬೇಸ್ ವೇರಿಯಂಟ್ ಸಾಕೆಂದು ನನ್ನ ಪತ್ನಿ ಹೇಳುತ್ತಾರೆ. ಕೊಳ್ಳುವುದಾದರೆ ಟಾಪ್ ವೇರಿಯಂಟನ್ನೇ ಕೊಳ್ಳಬೇಕೆಂದು ಮಗ ಹಟ ಹಿಡಿದಿದ್ದಾನೆ. ಇವೆರಡರ ನಡುವೆ ಇನ್ನೊಂದು ವೇರಿಯಂಟ್ ಕೂಡ ಇದೆ. ತಮ್ಮ ಸಲಹೆ ಏನು?

ಉತ್ತರ: ನಿಮ್ಮ ಪತ್ನಿಯವರು ಎತ್ತಿದ ಮಾತಿನಿಂದಲೇ ಆರಂಭಿಸಬೇಕು. ಒಂದು ಮಾಡೆಲ್‌ನ ಎಲ್ಲ ಹೈಬ್ರಿಡ್ ವೇರಿಯಂಟ್‌ಗಳಲ್ಲಿ ಎಂಜಿನ್, ಮೋಟರ್, ಬ್ಯಾಟರಿ ಸಾಮಾನ್ಯವಾಗಿ ಒಂದೇ ಆಗಿರುತ್ತವೆ ಎಂಬುದು ನಿಜ. ಆದರೆ ಅದನ್ನು ಕೇಳಿ ಖಚಿತಪಡಿಸಿಕೊಳ್ಳದೆ ನಂಬುವಂತಿಲ್ಲ. ಅಮೆರಿಕದಲ್ಲಿ 2016ರ ಟೊಯೋಟಾ ಪ್ರಿಯಸ್‌ನ ಬೇಸ್ ವೇರಿಯಂಟ್‌ಗೆ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿಯನ್ನೂ ಉಳಿದವುಗಳಿಗೆ ಲಿಥಿಯಂ ಅಯಾನ್ ಬ್ಯಾಟರಿಯನ್ನೂ ಕೊಡಲಾಗಿತ್ತು. ಇದಕ್ಕಿಂತ ದೊಡ್ಡ ಗೊಂದಲ ಹೆಸರಿನದು. ಕೆಲವು ಮಾಡೆಲ್‌ಗಳಲ್ಲಿ ಕೆಳಗಿನ ವೇರಿಯಂಟ್‌ಗಳು ಮೈಲ್ಡ್ ಹೈಬ್ರಿಡ್ ಆಗಿದ್ದು ಮೇಲಿನವು ಮಾತ್ರ ಸ್ಟ್ರಾಂಗ್ ಹೈಬ್ರಿಡ್ ಆಗಿರುತ್ತವೆ, ಎರಡನ್ನೂ ಹೈಬ್ರಿಡ್ ಎಂದೇ ಕರೆಯುವುದುಂಟು. ಮೈಲ್ಡ್ ಹೈಬ್ರಿಡ್‌ನಲ್ಲಿರುವ ಸಣ್ಣ ಮೋಟರ್ ಎಂಜಿನ್ನಿಗೆ ಒಂದಿಷ್ಟು ಕೈಜೋಡಿಸುತ್ತದೆಯೇ ಹೊರತು ಸಾಮಾನ್ಯವಾಗಿ ತಾನೊಂದೇ ಕಾರನ್ನು ಎಳೆಯುವುದಿಲ್ಲ. ಸ್ಟ್ರಾಂಗ್ ಹೈಬ್ರಿಡ್ ಕಾರಾದರೋ ನಿಂತಲ್ಲಿಂದ ಹೊರಡುವಾಗ, ಸಂಚಾರ ದಟ್ಟಣೆಯಲ್ಲಿ ತೆವಳುವಾಗ ಎಂಜಿನ್ ಆರಿಸಿಕೊಂಡು ಬ್ಯಾಟರಿಯ ಬಲದಿಂದಲೇ ಸಾಗಬಲ್ಲದು. ನಿಮ್ಮ ಓಡಾಟ ಹೆಚ್ಚಾಗಿ ನಗರದೊಳಗೇ ಇರುವುದರಿಂದ ಈ ವ್ಯತ್ಯಾಸದ ಮುಂದೆ ಉಳಿದ ಸೌಲಭ್ಯಗಳೆಲ್ಲ ಗೌಣ. ಬೇಸ್ ವೇರಿಯಂಟ್ ಮೈಲ್ಡ್ ಹೈಬ್ರಿಡ್ ಎಂದು ಗೊತ್ತಾದರೆ ಅದನ್ನು ಪಟ್ಟಿಯಿಂದ ತೆಗೆದುಹಾಕಿ, ಮುಂದಿನ ಮಾತನ್ನು ಉಳಿದೆರಡಕ್ಕೆ ಅನ್ವಯಿಸಿಕೊಳ್ಳಿ.

ಮೂರೂ ಸ್ಟ್ರಾಂಗ್ ಹೈಬ್ರಿಡ್ ಆಗಿದ್ದರೆ ಮೊದಲು ನೋಡಬೇಕಾದದ್ದು ಗಾಲಿಯನ್ನು. ಶೋರೂಂನಲ್ಲಿ ಎಲ್ಲರ ಕಣ್ಣು ಪರದೆಯ ಮೇಲೆ, ಸೀಟಿನ ಮೇಲೆ ಬೀಳುತ್ತದೆ. ಮೈಲೇಜಿನ ಲೆಕ್ಕ ಏರುಪೇರಾಗುವುದು ಮಾತ್ರ ಕೆಳಗೆ, ಗಾಲಿಯಲ್ಲಿ. 2023ರ ಪ್ರಿಯಸ್ಸನ್ನೇ ತೆಗೆದುಕೊಳ್ಳಿ. ಮುಂದಿನ ಎರಡು ಚಕ್ರಗಳಿಗೆ ಮಾತ್ರ ಚಾಲನೆಯಿರುವ ಅದರ ವೇರಿಯಂಟ್‌ಗಳಲ್ಲಿ ಎಂಜಿನ್ ಒಂದೇ; ಆದರೂ 17 ಇಂಚಿನ ಗಾಲಿಯ ಬೇಸ್ ವೇರಿಯಂಟ್‌ಗೆ ಅಮೆರಿಕದ ಪರಿಸರ ಸಂಸ್ಥೆಯ ಅಧಿಕೃತ ಅಂಕಿ ಗ್ಯಾಲನ್‌ಗೆ 57 ಮೈಲಿ, 19 ಇಂಚಿನ ಗಾಲಿಯ ಮೇಲಿನ ವೇರಿಯಂಟ್‌ಗಳಿಗೆ 52 ಮೈಲಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಲೀಟರಿಗೆ ಸುಮಾರು 24.2 ಕಿ.ಮೀ. ಮತ್ತು 22.1 ಕಿ.ಮೀ. ದಿನಕ್ಕೆ 40 ಕಿ.ಮೀ.ಯಂತೆ ವರ್ಷಕ್ಕೆ 14,600 ಕಿ.ಮೀ. ಓಡಿದರೆ ಎರಡರ ನಡುವಿನ ಅಂತರ ಸುಮಾರು 58 ಲೀಟರ್ ಪೆಟ್ರೋಲ್, ಹತ್ತು ವರ್ಷಕ್ಕೆ 580 ಲೀಟರ್. ಮೇಲಿನ ವೇರಿಯಂಟ್‌ಗಳಲ್ಲಿ ಹೆಚ್ಚುವರಿ ಸಲಕರಣೆಗಳ ಭಾರವೂ ಸೇರಿರುವುದರಿಂದ ಇಡೀ ಅಂತರವನ್ನು ಗಾಲಿಯ ತಲೆಗೆ ಕಟ್ಟುವುದು ಸರಿಯಲ್ಲವಾದರೂ, ಅದರಲ್ಲಿ ದೊಡ್ಡ ಪಾಲು ಗಾಲಿಯದೇ ಎಂಬುದು ನನ್ನ ಅಭಿಪ್ರಾಯ. ದೊಡ್ಡ ಗಾಲಿ ಸಾಮಾನ್ಯವಾಗಿ ಹೆಚ್ಚು ತೂಗುತ್ತದೆ, ಆ ತೂಕವೂ ಅಂಚಿನ ಕಡೆಗೇ ಇರುವುದರಿಂದ ನಿಂತು ಹೊರಡುವಾಗಲೆಲ್ಲ ಅದನ್ನು ತಿರುಗಿಸಲು ಹೆಚ್ಚಿನ ಶಕ್ತಿ ಬೇಕಾಗುತ್ತದೆ. ಬ್ರೇಕ್ ಒತ್ತಿದಾಗ ಬ್ಯಾಟರಿಗೆ ಮರಳಿ ಬರುವುದು ಆ ಶಕ್ತಿಯ ಒಂದು ಭಾಗ ಮಾತ್ರ. ಇದಲ್ಲದೆ ದೊಡ್ಡ ಗಾಲಿಯ ಟೈರಿನ ಪಕ್ಕದ ಗೋಡೆ ಗಿಡ್ಡವಾಗಿರುವುದರಿಂದ ಹಳ್ಳ ಬಿದ್ದ ರಸ್ತೆಯ ಹೊಡೆತ ನೇರವಾಗಿ ರಿಮ್ಮಿಗೂ ನಿಮ್ಮ ಸೊಂಟಕ್ಕೂ ತಾಗುತ್ತದೆ, ಟೈರ್ ಬದಲಿಸುವ ಖರ್ಚೂ ಹೆಚ್ಚು. ಇಂಧನ ಉಳಿಸಲೆಂದೇ ಹೈಬ್ರಿಡ್ ಕೊಂಡು, ಉಳಿದದ್ದರಲ್ಲಿ ಒಂದು ಪಾಲನ್ನು ಗಾಲಿಯ ಅಂದಕ್ಕೆ ಕೊಟ್ಟುಬಿಡುವುದು ನನಗಂತೂ ಒಪ್ಪಿಗೆಯಾಗದ ವ್ಯವಹಾರ.

ಇಷ್ಟು ಹೇಳಿದ ಮಾತ್ರಕ್ಕೆ ಬೇಸ್ ವೇರಿಯಂಟ್ ಪರವಾಗಿ ತೀರ್ಪು ಕೊಟ್ಟಂತಾಗಲಿಲ್ಲ. ಮೂರೂ ವೇರಿಯಂಟ್‌ಗಳ ಸೌಲಭ್ಯಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ಪ್ರತಿಯೊಂದರ ಎದುರಿಗೂ ‘ಇದನ್ನು ಆಮೇಲೆ ಹಾಕಿಸಿಕೊಳ್ಳಬಹುದೇ?’ ಎಂದು ಕೇಳಿಕೊಳ್ಳಿ. ಏರ್‌ಬ್ಯಾಗ್‌ಗಳ ಸಂಖ್ಯೆ, ಮುಂದೆ ಅಡ್ಡ ಬಂದದ್ದನ್ನು ಗುರುತಿಸಿ ತಾನಾಗಿಯೇ ಬ್ರೇಕ್ ಹಾಕುವ ವ್ಯವಸ್ಥೆ, ಪಕ್ಕದಲ್ಲಿ ಕಣ್ಣಿಗೆ ಬೀಳದ ವಾಹನವನ್ನು ಎಚ್ಚರಿಸುವ ಸೆನ್ಸರ್, ಒಳ್ಳೆಯ ಹೆಡ್‌ಲೈಟ್, ಚಾಲಕನ ಸೀಟಿನ ಎತ್ತರ ಮತ್ತು ಬೆನ್ನಿನ ಆಸರೆಯ ಹೊಂದಾಣಿಕೆ, ಹಿಂದಿನ ಸೀಟಿಗೆ ಎ.ಸಿ. ಗಾಳಿ: ಇವು ಕಾರ್ಖಾನೆಯಿಂದ ಬಂದರೆ ಬಂದವು, ಇಲ್ಲವಾದರೆ ಇಲ್ಲ. ಸೀಟ್ ಕವರ್, ಸ್ಪೀಕರ್, ಮ್ಯಾಟ್, ಅಲಂಕಾರದ ದೀಪಗಳು ಅಂಥವಲ್ಲ. ಮೊದಲ ಗುಂಪಿನಲ್ಲಿ ನಿಮಗೆ ಬೇಕಾದ ಯಾವುದಾದರೂ ಬೇಸ್‌ನಲ್ಲಿ ಇಲ್ಲದೆ ಮಧ್ಯದ ವೇರಿಯಂಟ್‌ನಲ್ಲಿ ಇದ್ದರೆ ಅದಕ್ಕೆ ಹೆಚ್ಚು ಹಣ ಕೊಡಲು ಹಿಂಜರಿಯಬೇಡಿ; ಎರಡನೆಯ ಗುಂಪಿಗಾಗಿ ಒಂದು ಮೆಟ್ಟಿಲನ್ನೂ ಏರಬೇಡಿ.

ಆದರೆ ಆಮೇಲೆ ಹಾಕಿಸಿಕೊಳ್ಳುವುದು ಹೈಬ್ರಿಡ್ ಕಾರಿನಲ್ಲಿ ಹಳೆಯ ಪೆಟ್ರೋಲ್ ಕಾರಿನಷ್ಟು ಸಲೀಸಲ್ಲ, ಇದನ್ನು ಮಾರಾಟಗಾರರು ಅಪರೂಪಕ್ಕೆ ಹೇಳುತ್ತಾರೆ. ಕಾರನ್ನು ಓಡಿಸುವ ದೊಡ್ಡ ಬ್ಯಾಟರಿಯ ಜೊತೆಗೆ 12 ವೋಲ್ಟಿನ ಸಣ್ಣ ಬ್ಯಾಟರಿಯೊಂದು ಇರುತ್ತದೆ. ಬಹುತೇಕ ಸ್ಟ್ರಾಂಗ್ ಹೈಬ್ರಿಡ್‌ಗಳಲ್ಲಿ ಅದರ ಕೆಲಸ ಎಂಜಿನ್ ತಿರುಗಿಸುವುದಲ್ಲ, ಕಾರಿನ ಕಂಪ್ಯೂಟರ್‌ಗಳನ್ನು ಎಚ್ಚರಿಸಿ ದೊಡ್ಡ ಬ್ಯಾಟರಿಯನ್ನು ಜೋಡಿಸುವುದು. ರಾತ್ರಿಯಿಡೀ ಚಾಲೂ ಇರುವ ಕ್ಯಾಮರಾವನ್ನೋ ಅಲಾರಂ ಅನ್ನೋ ಹೊರಗಿನವರಿಂದ ಇದಕ್ಕೆ ಜೋಡಿಸಿ, ಕಾರನ್ನು ಕೆಲವು ದಿನ ನಿಲ್ಲಿಸಿದರೆ ಆ ಸಣ್ಣ ಬ್ಯಾಟರಿ ಬರಿದಾಗಬಹುದು. ಆಗ ದೊಡ್ಡದು ತುಂಬಿದ್ದರೂ ಕಾರು ಕದಲುವುದಿಲ್ಲ. ಕಿತ್ತಳೆ ಬಣ್ಣದ ವೈರುಗಳು ಹೆಚ್ಚಿನ ವೋಲ್ಟೇಜಿನವು, ಅವುಗಳ ಹತ್ತಿರಕ್ಕೂ ಹೊರಗಿನ ಅಂಗಡಿಯವರ ಕೈ ಹೋಗಬಾರದು. ಸೀಟ್ ಕವರ್‌ನಲ್ಲಿಯೂ ಒಂದು ಎಚ್ಚರಿಕೆ ಬೇಕು: ಅನೇಕ ಮಾಡೆಲ್‌ಗಳಲ್ಲಿ ಬ್ಯಾಟರಿಯನ್ನು ತಂಪಾಗಿಡುವ ಗಾಳಿಯ ಕಿಂಡಿ ಹಿಂದಿನ ಸೀಟಿನ ಬದಿಯಲ್ಲಿಯೋ ಕೆಳಗೋ ಇರುತ್ತದೆ, ಕವರ್ ಅದನ್ನು ಮುಚ್ಚಬಾರದು. ರಿವರ್ಸ್ ಕ್ಯಾಮರಾದಂಥದ್ದು ಬೇಕೇ ಬೇಕೆಂದಾದರೆ ಅದು ಕಾರ್ಖಾನೆಯಿಂದಲೇ ಬರುವ ವೇರಿಯಂಟನ್ನು ಆರಿಸಿಕೊಳ್ಳುವುದು ಇದೇ ಕಾರಣಕ್ಕೆ ಉತ್ತಮ.

ಇನ್ನು ಮಗನ ಟಾಪ್ ವೇರಿಯಂಟ್. ಸನ್‌ರೂಫ್ ಎಂದರೆ ಕಾರಿನ ನೆತ್ತಿಯ ಮೇಲೆ ಒಂದಿಷ್ಟು ಭಾರ, ಒಳಗೆ ತಲೆಯ ಮೇಲೆ ಒಂದಿಷ್ಟು ಕಡಿಮೆ ಜಾಗ. ಮುಂದಿನ ಗಾಜಿನ ಮೇಲೆ ವೇಗವನ್ನು ತೋರಿಸುವ ವ್ಯವಸ್ಥೆಯಿದ್ದರೆ ಗಾಜು ಒಡೆದಾಗ ಅದಕ್ಕೆಂದೇ ತಯಾರಾದ ಗಾಜನ್ನು ಹುಡುಕಬೇಕಾಗಬಹುದು. ಇವು ನಿಮ್ಮ ಮನೆಯವರಿಗೆ ನಿಜವಾಗಿ ಬೇಕಾಗಿದ್ದರೆ ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ನಿಮ್ಮ ಪತ್ರದಿಂದ ತಿಳಿದಷ್ಟರ ಮಟ್ಟಿಗೆ ನನ್ನ ಆಯ್ಕೆ, ಸಣ್ಣ ಗಾಲಿಯೊಂದಿಗೆ ಬರುವುದಾದರೆ, ಮಧ್ಯದ ವೇರಿಯಂಟ್. ಸುರಕ್ಷತೆಯ ಸಲಕರಣೆಗಳೆಲ್ಲ ಬೇಸ್‌ನಲ್ಲಿಯೇ ಇದ್ದರೆ ನಿಮ್ಮ ಪತ್ನಿಯವರ ಮಾತಿಗೆ ನನ್ನ ಮತ. ಟೆಸ್ಟ್ ಡ್ರೈವ್‌ಗೆ ಶೋರೂಂನವರು ಹೆಚ್ಚಾಗಿ ಕೊಡುವುದು ಟಾಪ್ ವೇರಿಯಂಟನ್ನೇ; ನೀವು ಕೊಳ್ಳಲಿರುವ ಗಾಲಿ ಮತ್ತು ಸೀಟು ಇರುವ ಕಾರನ್ನೇ ತರಿಸಿಕೊಂಡು, ಮನೆಯ ಎಲ್ಲರೂ ಕುಳಿತು ಓಡಿಸಿ ನೋಡಿದ ಮೇಲೆಯೇ ಮುಂಗಡ ಕೊಡಿ.

ಪ್ರಶ್ನೆ: ಟಾಪ್ ವೇರಿಯಂಟ್ ಕೊಂಡರೆ ಹೈಬ್ರಿಡ್ ಬ್ಯಾಟರಿಗೆ ಹೆಚ್ಚು ವರ್ಷದ ವಾರಂಟಿ ಸಿಗುತ್ತದೆಯೇ?

ಉತ್ತರ: ಸಾಮಾನ್ಯವಾಗಿ ಇಲ್ಲ. ಅದು ಬ್ಯಾಟರಿಗೆ ಸಂಬಂಧಿಸಿದ್ದೇ ಹೊರತು ವೇರಿಯಂಟಿಗಲ್ಲ. ಅನೇಕ ತಯಾರಕರು ಉಳಿದ ಕಾರಿಗಿಂತ ಹೆಚ್ಚಿನ ಅವಧಿಯನ್ನು, ಹಲವೆಡೆ 8 ವರ್ಷವನ್ನು, ಕಿಲೋಮೀಟರ್ ಮಿತಿಯೊಂದಿಗೆ ಕೊಡುತ್ತಾರೆ. ಕಾರು ಮಾರಿದಾಗ ಆ ವಾರಂಟಿ ಹೊಸ ಮಾಲೀಕರಿಗೆ ವರ್ಗಾವಣೆಯಾಗುತ್ತದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ.

ಪ್ರಶ್ನೆ: ಬೇಸ್ ವೇರಿಯಂಟ್ ಕೊಂಡು ಅದಕ್ಕೆ ಟಾಪ್ ವೇರಿಯಂಟಿನ ದೊಡ್ಡ ಅಲಾಯ್ ವೀಲ್‌ಗಳನ್ನು ಹಾಕಿಸಿದರೆ ಹೇಗೆ?

ಉತ್ತರ: ಅದೇ ಮಾಡೆಲ್‌ಗೆ ತಯಾರಕರು ಒಪ್ಪಿರುವ ಅಳತೆಯಾಗಿದ್ದು, ಟೈರಿನ ಒಟ್ಟು ವ್ಯಾಸವೂ ಭಾರ ಹೊರುವ ಸಾಮರ್ಥ್ಯವೂ ಹೊಂದಿಕೆಯಾದರೆ ಹಾಕಿಸಬಹುದು, ವ್ಯಾಸ ಬದಲಾದರೆ ವೇಗ ತೋರಿಸುವ ಮುಳ್ಳು ತಪ್ಪು ಹೇಳಲಾರಂಭಿಸುತ್ತದೆ. ಮೈಲೇಜ್ ಮಾತ್ರ ಟಾಪ್ ವೇರಿಯಂಟಿನದರ ಹತ್ತಿರಕ್ಕೆ ಇಳಿಯುತ್ತದೆ.